ಗೇಟಿನ ಹೊರಗೆ ನಿಂತವನು

"ನನಗೇನಾದ್ರೂ ಆದ್ರೆ ಫೋಟೋಗಳೆಲ್ಲ ನಮ್ಮಕ್ಕನಿಗೆ ಸೇರಬೇಕು. ಅದನ್ನೂ ಒಪ್ಪಂದದಲ್ಲಿ ಬರಿ ಕಣಮ್ಮಾ."

ಕೀಲಿಮಣೆಯ ಮೇಲೆ ಛಾಯಾಗ್ರಾಹಕಿಯ ಬೆರಳುಗಳು ನಿಂತುಹೋದವು. ಬೇರೆಯವರ ಕೈಕೆಳಗೆ ದುಡಿದು ಸಾಕಾಗಿ, ಅವಳು ಸ್ವಂತಕ್ಕೆ ಹಿಡಿದ ಮೊದಲ ದೊಡ್ಡ ಕೆಲಸ ಇದು. ಗಿರಾಕಿ ಗೊಂಬೆ ಮಾಡುವ ಹೆಂಗಸು. ಇನ್ನೂ ಮುಖ ನೋಡಿದ್ದಿಲ್ಲ, ಮಾತೆಲ್ಲ ಫೋನಿನಲ್ಲೇ. ಹೊಸ ಗೊಂಬೆಗಳ ಚಿತ್ರ ತೆಗೆಯಬೇಕು, ಮಾರಾಟಕ್ಕೆ ಬರುವ ತನಕ ಒಂದೂ ಹೊರಗೆ ಹೋಗಬಾರದು. ಇಷ್ಟೇ ಎಂದುಕೊಂಡಿದ್ದಳು.

"ಏನಾಯ್ತು ಮೇಡಂ?"

"ಯಾರೋ ಒಬ್ಬ ಮನೆ ಮುಂದೆ ಬಂದು ನಿಲ್ತಾನೆ. ಮೊನ್ನೆ ಬೆಳಿಗ್ಗೆ ಬಂದಿದ್ದ. ನಿನ್ನೆ ಸಂಜೆ ಮತ್ತೆ. ತಲೆ ತುಂಬ ಮುಚ್ಕೊಂಡಿರ್ತಾನೆ, ಮುಖ ಕಾಣಲ್ಲ. ಎರಡೂ ಕೈ ಎತ್ತಿ ನನ್ನ ಕಿಟಕಿಗೆ ಗುರಿ ಹಿಡೀತಾನಮ್ಮಾ, ಗುಂಡು ಹೊಡೆಯೋ ಹಾಗೆ!"

"ಯಾರಿರಬಹುದು?"

"ಇನ್ಯಾರು? ನನ್ನ ಹಳೇ ಪಾಲುದಾರ. ಇಲ್ಲಾ ಅವನು ಕಳಿಸಿದೋನು. ಗೊಂಬೆಗಳೆಲ್ಲ ತನ್ನ ಕಲ್ಪನೆ ಅಂತ ಜಗಳ ಆಡಿ, ನಿನ್ನ ಸುಮ್ನೆ ಬಿಡಲ್ಲ ಅಂತ ಹೇಳಿಯೇ ಹೋಗಿದ್ದ."

"ಪೊಲೀಸರಿಗೆ ಹೇಳಿ."

"ಹೇಳಿದೆ. ಬೀದೀಲಿ ನಿಲ್ಲೋದು ತಪ್ಪಲ್ವಂತೆ. ಏನಾದ್ರೂ ಮಾಡಿದ ಮೇಲೆ ಬನ್ನಿ ಅಂದ್ರು."

ಛಾಯಾಗ್ರಾಹಕಿ ಫೋನಿಟ್ಟಳು. ಮೊದಲೇ ಪುಕ್ಕಲು ಸ್ವಭಾವ. ಹೆದರಿಕೆಗೆ ಮದ್ದಿಲ್ಲ ಎನ್ನುತ್ತಾರೆ. ಅವಳ ಪಾಲಿಗೆ ಒಂದಿತ್ತು, ಕರಾರು. ಗೊಂಬೆ ಬಿದ್ದು ಒಡೆದರೆ ಯಾರು ಹೊಣೆ, ಮನೆಯ ನಾಯಿ ಕಚ್ಚಿದರೆ ಔಷಧಿ ಯಾರದು, ಎಲ್ಲವನ್ನೂ ಬರೆದಿಡುತ್ತಿದ್ದಳು. ಜಾಗ ನೋಡದೆ ಒಂದು ಸಾಲನ್ನೂ ಬರೆದವಳಲ್ಲ. ಹೇಳಿ ಹೋದರೆ ಗಿರಾಕಿಗಳು ಗುಡಿಸಿ ಸಾರಿಸಿ ನಿಜವಾದ ಮನೆಯನ್ನೇ ಅಡಗಿಸಿಬಿಡುತ್ತಾರೆಂದು ಅವಳ ದೂರು. ಈ ಒಪ್ಪಂದದಲ್ಲೂ ಬೆಳಗಿನ ಬಿಸಿಲು ಕಿಟಕಿಗೆ ನೇರ, ಸಂಜೆ ಎದುರುಮನೆಯ ನೆರಳು, ಆದ್ದರಿಂದ ಕೆಲಸ ಬೆಳಿಗ್ಗೆಯೇ ಎಂದು ಬರೆದಾಗಿತ್ತು. ಈಗ ಅದರ ಕೆಳಗೆ ಸೇರಿಸಿದಳು: ಕೆಲಸ ಮುಗಿಯುವ ತನಕ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಬೇಕು.

"ಹೆದರೋರ ಮೇಲೆ ಕಪ್ಪೆ ಎಸೆದ್ರಂತೆ," ಎಂದು ವಿಷಯ ಕೇಳಿದ ಅಣ್ಣ ನಕ್ಕ. ಆಮೇಲೆ ನಗು ನಿಲ್ಲಿಸಿ, "ಈ ಕೆಲಸ ಬೇಡ ಅಂದ್ಬಿಡೇ," ಎಂದ.

"ಬೇಡ ಅಂದ್ರೆ ಅವರು ಒಬ್ಬರೇ ಆಗ್ತಾರಣ್ಣ. ಇವತ್ತು ಸಹಿ ಹಾಕಿಸಿಕೊಂಡು, ಸ್ವಲ್ಪ ಹೊತ್ತು ಜೊತೆಗಿದ್ದು ಬರ್ತೀನಿ."

ಗೂಟದಲ್ಲಿದ್ದ ಅವನ ಜಾಕೆಟ್ಟು ತೊಟ್ಟಳು. ಒಂಟಿಯಾಗಿ ಹೊರಟಾಗೆಲ್ಲ ಅವಳಿಗೆ ಅದೇ ಧೈರ್ಯ. "ನನ್ನ ಜಾಕೆಟ್ಟು ನಾನು ಹಾಕ್ಕೊಂಡು ಯಾವ ಕಾಲ ಆಯ್ತೋ," ಎಂದು ಅಣ್ಣ ಗೊಣಗಿದ.

ಬಸ್ಸಿಳಿದಾಗ ಚಳಿಗಾಳಿ ಬೀಸುತ್ತಿತ್ತು. ಮೂಲೆಯ ಅಂಗಡಿಯ ಮುಂದೆ ಒಬ್ಬ ಬೀಡಿ ಸೇದುತ್ತ ನಿಂತಿದ್ದ. ಇವನೇ ಇರಬಹುದೇ? ಇನ್ನೊಬ್ಬ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಅಥವಾ ಇವನೇ? ಅವಳು ಜಾಕೆಟ್ಟಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು, ತಿರುಗಿ ನೋಡದೆ ಬೀದಿಯ ತುದಿಯ ಮನೆಗೆ ಬಂದಳು. ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ ಹೊತ್ತು ಇನ್ನೂ ಆಗಿರಲಿಲ್ಲ. ಮನಸ್ಸನ್ನು ಕೆಲಸದ ಕಡೆ ತಿರುಗಿಸಿದರೆ ಹೆದರಿಕೆ ತಗ್ಗೀತೆಂದು, ಗೇಟಿನ ಹೊರಗೇ ನಿಂತು ಮಹಡಿಯ ಕಿಟಕಿ ಚಿತ್ರದಲ್ಲಿ ಹೇಗೆ ಕೂರುತ್ತದೆಂದು ಅಳೆದಳು.

ಪರದೆ ಅಲ್ಲಾಡಿತು. ಫೋನು ಬಡಿದುಕೊಂಡಿತು.

"ಬರಬೇಡ!" ಗೊಂಬೆಯವರು ಪಿಸುಗುಟ್ಟಿದರು. "ಅವನು ಬಂದಿದ್ದಾನೆ. ಗೇಟಿನ ಹತ್ರಾನೇ ಇದ್ದಾನೆ. ಎಲ್ಲಿದ್ದೀಯೋ ಅಲ್ಲಿಂದಲೇ ವಾಪಸ್ ಹೋಗು!"

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗೇಟಿನ ಕಂಬದ ಹಿಂದೆ ಅಡಗಿದ್ದಾನೆಯೇ?

"ಮೇಡಂ, ಎಲ್ಲಿ? ಎಲ್ಲಿದ್ದಾನೆ?"

"ಅಲ್ಲೇ! ಆ ಕಡೆ ಈ ಕಡೆ ನೋಡ್ತಿದ್ದಾನೆ. ಈ ಸಲ ತಪ್ಪಿಸ್ಕೊಳ್ಳಲ್ಲ ಬಿಡು. ನಮ್ಮಕ್ಕನ ಮಕ್ಕಳಿಬ್ಬರೂ ದೊಣ್ಣೆ ಹಿಡ್ಕೊಂಡು ಹಿತ್ತಲಿಂದ ಸುತ್ತಿ ಬರ್ತಿದ್ದಾರೆ. ಅಯ್ಯೋ... ಅವನೂ ಫೋನಲ್ಲಿ ಯಾರ ಹತ್ರಾನೋ ಮಾತಾಡ್ತಿದ್ದಾನಮ್ಮಾ. ಇನ್ನೊಂದು ಕೈ ಇನ್ನೂ ನನ್ನ ಕಡೆಗೇ ಇದೆ!"

ಛಾಯಾಗ್ರಾಹಕಿ ನಿಧಾನವಾಗಿ ತಲೆಯೆತ್ತಿದಳು: ಕಣ್ಣೆದುರಿಗೆ ಅಣ್ಣನ ಜಾಕೆಟ್ಟಿನ ತೋಳು, ಅದರ ತುದಿಯಲ್ಲಿ ಕಿಟಕಿಗೆ ಅರ್ಧ ಚೌಕಟ್ಟು ಹಿಡಿದು ನಿಂತ ತನ್ನದೇ ಹೆಬ್ಬೆರಳು, ತೋರುಬೆರಳು; ಬೆನ್ನ ಹಿಂದೆ ಓಡಿ ಬರುತ್ತಿರುವ ಇಬ್ಬರ ಹೆಜ್ಜೆ ಸಪ್ಪಳ.