ಕಲಿಯದವಳಿಗೊಂದು ಪತ್ರ

ಮೂರನೆಯ ಸಲವೂ ನರ್ಗಿಸ್ ಫೇಲಾಗಿದ್ದಳು.

ಸರ್ವಮಂಗಳಾ ಫಲಿತಾಂಶದ ಹಾಳೆಯನ್ನು ಮಡಿಸಿಟ್ಟು ಕನ್ನಡಕ ತೆಗೆದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಈಗ ಪ್ರತಿ ಭಾನುವಾರ ಓಕಳಿಪುರಂನಿಂದ ಬಸ್ಸು ಹಿಡಿದು, ನೋಯುವ ಮಂಡಿಯಲ್ಲೇ ಶಂಕರಪುರಂನ ಈ ಮಹಡಿ ಕೋಣೆಗೆ ಹತ್ತಿ ಬಂದು, ದೇಶ ಬಿಟ್ಟು ಬಂದವರಿಗೆ ಸಂಬಳವಿಲ್ಲದೆ ಪಾಠ ಹೇಳುತ್ತಿದ್ದರು. ಜೊತೆಗೆ ಕಲಿಸುತ್ತಿದ್ದ ಇಬ್ಬರು ಸಾಕಾಗಿ ಬಿಟ್ಟುಹೋಗಿದ್ದರು.

ನರ್ಗಿಸ್ ಕಾಬೂಲಿನವಳು. ಇಲ್ಲಿ ಅಣ್ಣ ಹಶ್ಮತ್ ಜೊತೆಗಿದ್ದಳು. ಫೋನಿನಲ್ಲೇ ನಿಕಾಹ್ ಆದ ಗಂಡ ವಿದೇಶದಲ್ಲಿದ್ದ. ಅವನ ಬಳಿ ಹೋಗಬೇಕಾದರೆ ಒಂದು ಸುಲಭದ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಎರಡು ವರ್ಷದಲ್ಲಿ ಒಂದು ಪಾಠವನ್ನೂ ತಪ್ಪಿಸದವಳಿಗೆ ಅದೇ ಆಗುತ್ತಿರಲಿಲ್ಲ. ಸರಿಯೋ ತಪ್ಪೋ ಎಂದು ಗುರುತು ಹಾಕುವ ಇಪ್ಪತ್ತು ಪ್ರಶ್ನೆ ಕೊಟ್ಟರೂ ಸೊನ್ನೆ. ಹೆಸರು ಕೇಳಿದರೆ ವಯಸ್ಸು ಹೇಳುತ್ತಿದ್ದಳು.

"ನನ್ ಕೈಲಿ ಇನ್ನಾಗಲ್ಲ ಕಣಮ್ಮಾ," ಎಂದರು ಸರ್ವಮಂಗಳಾ. "ನಿನ್ ತಪ್ಪಲ್ಲ. ನಂಗೇ ಕಲಿಸೋಕೆ ಬರ್ಲಿಲ್ಲ ಅನ್ಸುತ್ತೆ."

"ಬೇಜಾರ್ ಬೇಡ ಟೀಚರ್," ಎಂದಳು ನರ್ಗಿಸ್, ಬೀದಿಯಲ್ಲಿ ಕಲಿತ ಕನ್ನಡದಲ್ಲಿ. "ಇನ್ನೊಂದ್ ವರ್ಷ ಬರ್ತೀನಿ."

"ಬೇಡ. ಬೇರೆ ದಾರಿ ಸಿಕ್ಕಿದೆ."

ಹಿಂದಿನ ವಾರ ಹಶ್ಮತ್ ಬಂದು ಬೇಡಿಕೊಂಡಿದ್ದ. ಎಷ್ಟು ಹೇಳಿಕೊಟ್ಟರೂ ಇವಳ ತಲೆಗೆ ಹತ್ತುವುದಿಲ್ಲ ಎಂದು ಟೀಚರ್ ಬರೆದುಕೊಟ್ಟರೆ, ಪರೀಕ್ಷೆಯಿಂದ ವಿನಾಯಿತಿ ಕೇಳಿ ನೋಡಬಹುದೆಂದು ವಕೀಲರು ಹೇಳಿದ್ದರಂತೆ. ಸರ್ವಮಂಗಳಾ ಬೆಳಿಗ್ಗೆಯೇ ಕೂತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಸಹಿ ಹಾಕಿದ್ದರು. ಇಷ್ಟು ದಿನದಲ್ಲಿ ಈ ಹುಡುಗಿಗೆ ತಮ್ಮಿಂದಾದ ಒಂದೇ ಉಪಕಾರ ಇದು ಅನ್ನಿಸಿತ್ತು.

"ತಗೋ, ನಿಮ್ಮಣ್ಣಂಗೆ ಕೊಡು. ಕೆಳಗಡೆ ಕಾಯ್ತಿದಾನೆ."

ನರ್ಗಿಸ್ ಹಾಳೆ ಬಿಡಿಸಿದಳು. ಅವಳ ಕಣ್ಣು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಸರಸರನೆ ಇಳಿಯಿತು. ಮುಖ ಬಿಳಿಚಿಕೊಂಡಿತು. ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದಳು.

"ಏನಮ್ಮಾ, ಏನಾಯ್ತು?"

ಅವಳು ಬಂದು ಸರ್ವಮಂಗಳಾ ಅವರ ಕಾಲ ಬಳಿ ಕೂತಳು. ಆಮೇಲೆ, ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದಳು:

"ದಯವಿಟ್ಟು ಇದನ್ನು ಹರಿದುಬಿಡಿ, ಟೀಚರ್. ಕಾಬೂಲಿನಲ್ಲಿದ್ದಾಗ ನನ್ನ ಗಂಡ ಮೊದಲು ಮದುವೆಯಾಗಿದ್ದದ್ದು ನನ್ನ ಅಕ್ಕನನ್ನು. ಅವಳ ಹೆಣಕ್ಕೆ ಸ್ನಾನ ಮಾಡಿಸಿದವಳು ನಾನು, ಮೈಮೇಲಿನ ಗಾಯಗಳನ್ನೆಲ್ಲ ನೋಡಿದ್ದೇನೆ."