ನೋವು ಹೊರುವವರ ಕುರ್ಚಿ

ಶಾವಂತ್ರಕ್ಕನಿಗೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಎರಡೂ ಇದ್ದುದರಿಂದ ಅರಿವಳಿಕೆ ಒಗ್ಗುತ್ತಿರಲಿಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ಅಂಥವರ ನೋವನ್ನು ಜೊತೆಗೆ ಬಂದವರು ಪಕ್ಕದ ಕುರ್ಚಿಯಲ್ಲಿ ಕೂತು ಹೊರುವುದು ವಾಡಿಕೆ. ನಮ್ಮಿಬ್ಬರ ದವಡೆಗೂ ನೋವು ದಾಟಿಸುವ ಪಟ್ಟಿ ಅಂಟಿಸುತ್ತ ನರ್ಸ್ ನನ್ನನ್ನು ಕೇಳಿದಳು:

"ನೋವಿನ ಗುಳಿಗಿ ತಗೊಂಡಿಲ್ಲಲ್ರೀ? ತಗೊಂಡಿದ್ರ ನೋವು ಅಕ್ಕಾರಿಗೇ ತಿರುಗಿ ಹೋಗತೈತಿ."

"ಇಲ್ರೀ," ಎಂದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೆದರಿ ಎರಡು ನುಂಗಿದ್ದೆ.

ಮೂರು ಹಲ್ಲು ಕಿತ್ತರು. ನನಗೆ ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಅಕ್ಕ ಒಮ್ಮೆ ನನ್ನತ್ತ ನೋಡಿ ಕಣ್ಣು ಮುಚ್ಚಿದಳು. ಮುಷ್ಟಿ ಬಿಗಿ ಹಿಡಿದಳು.

ಪಟ್ಟಿ ಬಿಚ್ಚುತ್ತ ನರ್ಸ್, "ನೋವಾತೇನ್ರಿ ಅಕ್ಕಾರ?" ಎಂದಳು.

ಉಗುರು ನಾಟಿ ರಕ್ತ ಬಂದಿದ್ದ ಅಂಗೈಯನ್ನು ಅಕ್ಕ ಸೆರಗಿನಲ್ಲಿ ಮುಚ್ಚಿಕೊಂಡಳು.

"ನನಗೇನೂ ಆಗ್ಲಿಲ್ರೀ," ಎಂದಳು ಹತ್ತಿ ಕಚ್ಚಿಕೊಂಡೇ. "ಪಾಪ, ನಮ್ಮ ತಮ್ಮ ಎಲ್ಲಾ ತಡಕೊಂಡಾನ. ಅವಗ ಒಂದು ಕಪ್ ಚಾ ಕೊಡ್ರಿ."