ಬೇಡ ಅನ್ನುವ ಹಕ್ಕು

“ಫೋನಲ್ಲಿ ಹುಚ್ಚು ಬಿಡಿಸ್ತಾರಂತೆ, ಕೇಳಿದ್ಯೇನವ್ವಾ?” ಎಂದು ದಯಾನಂದ ಬಾಗಿಲ ಕಡೆಗೆ ಕೂಗಿ, ಕೈಯಲ್ಲಿದ್ದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಇನ್ನೂ ನೀರಿತ್ತು. ಒಣಗಿ ಕೊಬ್ಬರಿಯಾಗಲೆಂದು ಅದನ್ನು ಅಟ್ಟಕ್ಕೆ ಹಾಕಲು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡ. ಜಗಲಿಯ ಮುಂದೆ ನಿಂತಿದ್ದ ಅನುಪಮಾಳಿಗೆ ಕೂರಲು ಹೇಳಲಿಲ್ಲ.

ಅನುಪಮಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಭಾನುವಾರದ ಬಿಡುವು ಕಳೆದುಕೊಂಡು ಚಿಕ್ಕನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದಳು. ಹುಡುಗಿಯ ವಿಷಯಕ್ಕೆ.

ಹುಡುಗಿಯ ಹೆಸರು ಇಂಪನಾ. ಒಂಬತ್ತನೇ ತರಗತಿ. ದೀಪಾವಳಿಯವರೆಗೂ ಮೊದಲ ಬೆಂಚಿನಲ್ಲಿ ಕೂತು, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದವಳು. ಹಬ್ಬದ ರಜೆ ಮುಗಿದ ಮೇಲೆ ಹನ್ನೆರಡು ದಿನ ಬರಲಿಲ್ಲ. ಜ್ವರ ಎಂದು ಮನೆಯವರು ಹೇಳಿಕಳಿಸಿದ್ದರು. ಬಂದವಳು ಕೊನೆಯ ಬೆಂಚು ಹಿಡಿದಳು. ಹೃದಯದ ಚಿತ್ರ ಬಿಡಿಸಬೇಕಾದ ಜಾಗ ಉತ್ತರಪತ್ರಿಕೆಯಲ್ಲಿ ಖಾಲಿ ಇತ್ತು. ಬಿಸಿಯೂಟದ ತಟ್ಟೆ ತುಂಬಿದ್ದದ್ದು ತುಂಬಿದ ಹಾಗೇ ವಾಪಸ್ಸಾಗುತ್ತಿತ್ತು. ಮಾರ್ಚಿನ ಬಿಸಿಲಲ್ಲೂ ದುಪಟ್ಟಾವನ್ನು ಕತ್ತಿಗೆ ಸುತ್ತಿ ಪಿನ್ನು ಹಾಕಿಕೊಂಡಿರುತ್ತಿದ್ದಳು. ಕೊನೆಯ ಗಂಟೆ ಹೊಡೆದು ಎಲ್ಲರೂ ಮನೆಗೆ ಓಡಿದರೆ, ಇವಳು ಒರೆಸಿದ ಬೋರ್ಡನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದಳು.

ಒಂದು ದಿನದ ಮಾತಾಗಿದ್ದರೆ ಅನುಪಮಾ ಬಿಟ್ಟುಬಿಡುತ್ತಿದ್ದಳು. ಆದರೆ ಅವಳು ದಿನಾಂಕ ಸಮೇತ ಬರೆದಿಟ್ಟುಕೊಂಡಿದ್ದಳು. ನಾಲ್ಕು ತಿಂಗಳು ಒಂದೇ ದಿಕ್ಕಿನಲ್ಲಿ ನಡೆದದ್ದನ್ನು ಆಕಸ್ಮಿಕ ಎನ್ನಲು ಅವಳು ಕಲಿತ ವಿದ್ಯೆ ಒಪ್ಪಲಿಲ್ಲ.

ಹುಡುಗಿಗೆ ಶಾಲೆ ಬಿಟ್ಟರೆ ಮನೆ. ತುಮಕೂರಿಗೆ ವೈದ್ಯರ ಬಳಿ ಕರೆದೊಯ್ಯುವ ಮಾತೇ ಇರಲಿಲ್ಲ. ಹೆಡ್‌ಮಾಸ್ಟರನ್ನು ಒಪ್ಪಿಸಿ, ಬೆಂಗಳೂರಿನ ಆಪ್ತಸಮಾಲೋಚಕಿ ಸುಷ್ಮಿತಾಳಿಂದ ಮೂರು ವಾರ ಫೋನಿನಲ್ಲೇ, ಮುಖ ನೋಡಿಕೊಂಡು ಮಾತಾಡಿಸಿದ್ದಾಯಿತು. ಮಾತಾಡಿದ್ದು ಸುಷ್ಮಿತಾ ಒಬ್ಬಳೇ. ಮೂರನೆಯ ವಾರ ಹುಡುಗಿ ಬಾಯಿಬಿಟ್ಟು ಹೇಳಿದ್ದು ಎರಡು ಪದ: “ಹೇಳ್ಬಾರ್ದು ಅಂದವ್ರೆ.”

ಮುಂದುವರಿಸಲು ಪೋಷಕರ ಒಪ್ಪಿಗೆ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ‘ಪೋಷಕ: ದಯಾನಂದ, ಸೋದರಮಾವ’ ಎಂದಿತ್ತು. ಅರಸೀಕೆರೆ ಕಡೆಯಲ್ಲಿದ್ದ ಅವನ ಅಕ್ಕ-ಭಾವ ಮಗಳನ್ನು ಐದನೇ ತರಗತಿಯಿಂದ ಹಂದನಕೆರೆಯ ಈ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು.

“ಸುಮ್ನೆ ಮಾತಾಡಿಸೋದು ಅಷ್ಟೇ ಸರ್. ವಾರಕ್ಕೆ ಒಂದು ಗಂಟೆ,” ಎಂದಳು ಅನುಪಮಾ.

“ಕಾಯಿ ಒಳಗೆ ನೀರೈತೋ ಇಲ್ವೋ ಅಂತ ತಿಳಿಯಾಕೆ ಕೈಯಾಗಿಟ್ಕಂಡು ಅಲ್ಲಾಡಿಸ್ಬೇಕು ಮೇಡಂ. ಆವಮ್ಮ ಬೆಂಗ್ಳೂರಾಗೆ ಕುಂತ್ಕಂಡು ಫೋನಾಗೇ ತಿಳ್ಕತಾಳಾ? ಅಂಗಿದ್ರೆ ನಮ್ಮ ಅಟ್ಟದಾಗಿರೋ ಕಾಯೂ ಒಸಿ ನೋಡಿ ಹೇಳಕ್ಕೇಳಿ.” ತನ್ನ ಮಾತಿಗೆ ತಾನೇ ನಕ್ಕ. ಮೂವತ್ತೆರಡರ ಗಂಡಸು, ಮೀಸೆಯನ್ನು ಪೋಷಿಸಿದಷ್ಟು ಶ್ರದ್ಧೆಯಿಂದ ಬೇರೇನನ್ನೂ ಪೋಷಿಸಿದಂತೆ ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಅವನ ತಾಯಿ ತಿಮ್ಮಕ್ಕ ಹೇಳಿದಳು: “ಅವಳಿಗೆ ಏನೂ ಆಗಿಲ್ಲ ಕಣವ್ವಾ. ಹೆಣ್ಮಕ್ಳು ಒಂದಷ್ಟು ದಿನ ಹಿಂಗೆ ಮಂಕಾಯ್ತಾರೆ. ನಾನೂ ಆಗಿದ್ದೆ. ಆಮೇಲೆ ಒಗ್ಗೋಯ್ತದೆ.”

“ಊಟ ಮಾಡ್ತಿಲ್ಲ ಅಜ್ಜಿ ಅವಳು.”

“ಹಸಿವಾದ್ರೆ ತಾನಾಗೇ ತಿಂತಾಳೆ ಬುಡು.”

ಇಂಪನಾ ಕಾಫಿ ತಂದಳು. ದಯಾನಂದನ ಪಕ್ಕದಲ್ಲಿ ಲೋಟ ಇಟ್ಟಳು. ಹಿಂದೆಲ್ಲ ಬೀದಿಯ ತುದಿಯಿಂದಲೇ ‘ಮಾವಾ’ ಎಂದು ಕೂಗಿಕೊಂಡು ಬರುತ್ತಿದ್ದವಳು ಈಗ ಏನೂ ಕರೆಯದೆ ಗೋಡೆಗೆ ಸರಿದಳು. ಟೀಚರನ್ನು ಒಂದು ಸಲ ನೋಡಿದಳು. ಮುಳುಗುವವರು ದಡ ನೋಡುವ ಹಾಗೆ.

ಅನುಪಮಾ ಇನ್ನು ಕಾಯಲಿಲ್ಲ. ಸುಷ್ಮಿತಾಳಿಗೆ ಕರೆ ಮಾಡಿ ಫೋನನ್ನು ದಯಾನಂದನ ಮುಂದೆ ಹಿಡಿದಳು.

“ನಮಸ್ಕಾರ ಸರ್. ಇಂಪನಾ ತುಂಬ ಹೆದರಿದಾಳೆ. ಯಾಕೆ ಅಂತ ನಂಗಿನ್ನೂ ಗೊತ್ತಿಲ್ಲ. ಇನ್ನೊಂದು ನಾಲ್ಕು ವಾರ ಅವಕಾಶ ಕೊಡಿ.”

“ಕೊಡಲ್ಲ. ಹತ್ತನೇ ಕ್ಲಾಸು ಬರೀಲಿ ಅಂತ ಇಸ್ಕೂಲಿಗೆ ಕಳಿಸ್ತಿರೋದೇ ನನ್ನ ದೊಡ್ಡತನ. ನಿಮ್ಮ ಮಾತು ಕೇಳ್ಕಂಡು ಅದನ್ನೂ ಬುಡಿಸ್ಬೇಕಾಯ್ತದೆ. ಮಾತಾಡಿಸಾಕೆ ಸಂಬಳ ಈಸ್ಕಳೋ ಜನ! ನಮ್ಮೂರಾಗೆ ಕಟ್ಟೆ ಮೇಲೆ ಕುಂತೋರು ಪುಕ್ಕಟೆ ಮಾತಾಡ್ತಾರೆ.”

“ಅವಳಿಗೆ ಬೇಕಾ ಅಂತ ಅವಳನ್ನೇ ಕೇಳೋಣ್ವಾ?”

“ಅವಳನ್ನೇನು ಕೇಳದು?”

ಗೋಡೆಯ ಬಳಿಯಿಂದ ಸಣ್ಣ ದನಿ ಬಂತು. “ಬೇಕು.”

ದಯಾನಂದ ತಿರುಗಿ ನೋಡಿದ. ಹುಡುಗಿ ತಲೆ ತಗ್ಗಿಸಿದಳು. ಆದರೆ ಆ ಮಾತು ಫೋನಿಗೂ ಕೇಳಿಸಿತ್ತು.

ಸುಷ್ಮಿತಾಳ ದನಿ ಗಟ್ಟಿಯಾಯಿತು. “ಸರ್, ಈಗ ನೀವು ಬೇಡ ಅಂದ್ರೂ ನಾನು ನಿಲ್ಲಿಸಲ್ಲ. ಬರೀ ಸೋದರಮಾವನಿಗೆ ಆ ಹಕ್ಕಿಲ್ಲ. ಅವಳ ಅಪ್ಪ-ಅಮ್ಮನ ನಂಬರ್ ತಗೊಂಡು ಅವರನ್ನೇ ಕೇಳ್ತೀನಿ.”

ಬರೀ. ಅವನ ಜಗಲಿಯಲ್ಲಿ, ಅವನ ತಾಯಿಯ ಮುಂದೆ, ಅವನು ಇಷ್ಟು ಹೊತ್ತು ಗೇಲಿ ಮಾಡುತ್ತಿದ್ದ ಹೆಂಗಸು ಆ ಪದ ಆಡಿದ್ದಳು. ದಯಾನಂದ ಫೋನನ್ನು ಕಿತ್ತುಕೊಂಡು ಮುಖದ ಹತ್ತಿರ ತಂದ.

“ಲೋ ದಯಾ, ಸುಮ್ಕಿರ್ಲಾ!” ಎಂದು ತಿಮ್ಮಕ್ಕ ಎದ್ದು ಬರುವಷ್ಟರಲ್ಲಿ ಅವನು ಶುರು ಮಾಡಿಯಾಗಿತ್ತು.

“ಅವ್ರನ್ನೇನ್ರೀ ಕೇಳದು? ಅವ್ರೇ ನಿಂತ್ಕಂಡು ಧಾರೆ ಎರ್ದು ಕೊಟ್ಟವ್ರೆ. ಇವಳ ಗಂಡ ಕಣ್ರೀ ನಾನು!”